ಗಾಡಿಗೆ ದೊಡ್ಡ ಚಕ್ರ: ಸೊಗಸು ಯಾರಿಗೆ, ಪೆಟ್ಟು ಯಾರಿಗೆ?

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಬಸ್ಸಿಗೆ ಕಾಯುವವರಿಗೆ ಹೊತ್ತು ಹೋಗದಿದ್ದರೆ ಒಂದು ಕೆಲಸವುಂಟು. ಹೋಗಿಬರುವ ಎಸ್‌ಯುವಿ ಗಾಡಿಗಳ ಚಕ್ರ ನೋಡುವುದು. ಬಹಳಷ್ಟು ಗಾಡಿಗಳ ಚಕ್ರ ಕಂಪನಿಯಿಂದ ಬಂದ ಹಾಗೇ ಇರುತ್ತದೆ. ಕೆಲವದ್ದು ಮಾತ್ರ ಮಡ್‌ಗಾರ್ಡಿನಿಂದ ಆಚೆಗೆ ಇಣುಕುತ್ತಿರುತ್ತದೆ. ಅಲಾಯ್ ಫಳಫಳ, ಸುತ್ತಲಿನ ರಬ್ಬರು ಬಳೆಯಷ್ಟು ತೆಳ್ಳಗೆ. ಮಳೆ ಬಂದ ದಿನ ಇಂಥ ಗಾಡಿ ಪಕ್ಕದಲ್ಲಿ ಹಾದರೆ ಕೆಸರಿನ ಅಭಿಷೇಕ ಪಾದಚಾರಿಗಳಿಗೆ.

ಮದುವೆ, ಜಾತ್ರೆ, ಆಸ್ಪತ್ರೆ, ಧರ್ಮಸ್ಥಳ ಎಂದು ಮನೆಮಂದಿಯನ್ನೆಲ್ಲ ಹೊರುವ ಗಾಡಿ ಇದು. ಟೈರು ಸವೆದು ಬದಲಿಸುವ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು ಕಿವಿ ಊದುತ್ತಾರೆ: "ಹೆಂಗೂ ಟೈರು ಹಾಕಿಸ್ತೀರಲ್ಲ ಯಜಮಾನ್ರ, ಒಂದ್ ಸೈಜ್ ದೊಡ್ಡದು ಹಾಕಿಸಿಬಿಡ್ರಿ. ಗಾಡಿ ಖದರೇ ಬೇರೆ ಆಗ್ತತಿ!" ಯಜಮಾನರಿಗೂ ಆಸೆ, ಮಗನಿಗೆ ಇನ್ನೂ ಆಸೆ. ಹಾಕಿಸಬಾರದೇ? ಹಾಕಿಸಬಹುದು. ಆದರೆ ಮೊದಲು ಲೆಕ್ಕ, ಆಮೇಲೆ ರೊಕ್ಕ. ಅಂಗಡಿ ಖಾತೆ ಬರೆಯುವವರಿಗೆ ಇದು ಐದು ನಿಮಿಷದ ಲೆಕ್ಕ.

ಟೈರಿನ ಜಾತಕ

ಟೈರಿನ ಜಾತಕ ಅದರ ಗೋಡೆಯ ಮೇಲೇ ಇದೆ. ಬ್ರೆಜಾ, ನೆಕ್ಸಾನ್ ಥರದ ಗಾಡಿಗಳಲ್ಲಿ ಕಾಣುವ 215/60 ಆರ್ 16 ಎಂಬ ಸೈಜನ್ನೇ ತೆಗೆದುಕೊಳ್ಳಿ. 215 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 60 ಎಂದರೆ ಆ ಅಗಲದ ನೂರಕ್ಕೆ ಅರವತ್ತು ಭಾಗ ರಬ್ಬರಿನ ಗೋಡೆಯ ಎತ್ತರ, ಅಂದರೆ 129 ಮಿ.ಮೀ. 16 ಎಂಬುದು ರಿಮ್ಮಿನ ಅಂಗುಲ. ಮೇಲೊಂದು ಕೆಳಗೊಂದು ಗೋಡೆ, ನಡುವೆ ರಿಮ್ಮು ಕೂಡಿಸಿದರೆ ಚಕ್ರದ ಒಟ್ಟು ಎತ್ತರ ಸುಮಾರು 664 ಮಿ.ಮೀ.

ಎಲ್ಲ ಗುಟ್ಟೂ ಈ ಒಟ್ಟು ಎತ್ತರದಲ್ಲಿದೆ. ರಿಮ್ಮು ದೊಡ್ಡದಾದರೆ ರಬ್ಬರು ಚಿಕ್ಕದಾಗಬೇಕು, ಒಟ್ಟು ಎತ್ತರ ನೂರಕ್ಕೆ ಎರಡು-ಮೂರಕ್ಕಿಂತ ಹೆಚ್ಚು ಆಚೀಚೆ ಆಗಬಾರದು. ಅದೇ ಗಾಡಿಗೆ 215/55 ಆರ್ 17 ಹಾಕಿದರೆ ಎತ್ತರ ಸುಮಾರು 668 ಮಿ.ಮೀ. ನಾಲ್ಕು ಮಿಲಿಮೀಟರಿನ ವ್ಯತ್ಯಾಸ, ಪರವಾಗಿಲ್ಲ. "ದಪ್ಪನೆಯದು ಹಾಕ್ರಿ" ಎಂದು 235/65 ಆರ್ 16 ಹಾಕಿಸಿದರೆ? ಎತ್ತರ 712ಕ್ಕೆ ಹೋಗುತ್ತದೆ, ನೂರಕ್ಕೆ ಏಳು ಹೆಚ್ಚು. ಆಗ ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ 85-86ರಲ್ಲಿ ಓಡುತ್ತಿರುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರು ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಬಹುದು. ಭಾರದ ಚಕ್ರವನ್ನು ಓಡಿಸುವುದಕ್ಕೆ ಎಂಜಿನ್ನಿಗೂ, ನಿಲ್ಲಿಸುವುದಕ್ಕೆ ಬ್ರೇಕಿಗೂ ಹೆಚ್ಚಿನ ದುಡಿಮೆ. ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕಿನ ಬೆಲೆ ಏನೆಂದು ಹೇಳಬೇಕಾಗಿಲ್ಲ.

ಗುಂಡಿಯ ಪೆಟ್ಟು

ಎತ್ತರದ ಲೆಕ್ಕ ಸರಿಹೋಯಿತು ಎಂದ ಮಾತ್ರಕ್ಕೆ ಎಲ್ಲವೂ ಸರಿ ಎನ್ನುವಂತಿಲ್ಲ. 17ರ ರಿಮ್ಮಿಗೆ ಹೋದಾಗ ರಬ್ಬರಿನ ಗೋಡೆ 129ರಿಂದ 118 ಮಿ.ಮೀ.ಗೆ ಇಳಿಯಿತು. 18ಕ್ಕೆ ಹೋದರೆ ಇನ್ನೂ ಇಳಿಯುತ್ತದೆ. ಗುಂಡಿಗೆ ಬಿದ್ದಾಗ ಮೊದಲ ಪೆಟ್ಟು ತಿನ್ನುವುದು ಈ ಗೋಡೆಯೇ. ಅದು ತೆಳ್ಳಗಾದಷ್ಟೂ ಪೆಟ್ಟು ರಿಮ್ಮಿಗೆ, ಸಸ್ಪೆನ್ಷನ್ನಿಗೆ, ಕೊನೆಗೆ ಹಿಂದಿನ ಸೀಟಿನಲ್ಲಿ ಕೂತ ಅಜ್ಜಿಯ ಸೊಂಟಕ್ಕೆ. ರಿಮ್ಮು ಸೊಟ್ಟಗಾಗುತ್ತದೆ, ಟೈರಿನ ಮಗ್ಗುಲು ಬಾವು ಬಂದ ಹಾಗೆ ಉಬ್ಬುತ್ತದೆ. ಉಬ್ಬಿದ ಟೈರಿಗೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ, ಬದಲಿಸಲೇಬೇಕು.

ಕಂಪನಿಯವರು ಈ ಲೆಕ್ಕ ಬಲ್ಲರು. ಕ್ರೆಟಾ ಗಾಡಿಯಲ್ಲಿ ಕಡಿಮೆ ಬೆಲೆಯ ಮಾದರಿಗಳಿಗೆ 205/65 ಆರ್ 16, ಮೇಲಿನ ಮಾದರಿಗಳಿಗೆ 215/60 ಆರ್ 17 ಟೈರು ಬಂದಿದೆ. ರಿಮ್ಮು ಒಂದು ಅಂಗುಲ ಹೆಚ್ಚಿದರೂ ಗೋಡೆ ಇಳಿದದ್ದು 133ರಿಂದ 129ಕ್ಕೆ, ನಾಲ್ಕೇ ಮಿಲಿಮೀಟರು. ಕಂಪನಿಯೇ ಎರಡು ಸೈಜು ಕೊಟ್ಟಿರುವ ಗಾಡಿಯಾದರೆ ಬದಲಿ ಸೈಜನ್ನು ಅವೆರಡರೊಳಗೇ ಹುಡುಕುವುದು ಜಾಣತನ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸಾಮಾನ್ಯವಾಗಿ ಒಂದು ಚೀಟಿ ಅಂಟಿಸಿರುತ್ತಾರೆ. ಟೈರಿನ ಸೈಜು, ಗಾಳಿಯ ಒತ್ತಡ ಎರಡೂ ಅದರಲ್ಲಿವೆ.

ಭಾರ ಹೊರುವುದು ಯಾರು?

ಸೈಜಿನ ಮುಂದೆ ಇನ್ನೊಂದು ಅಂಕಿ, ಒಂದು ಅಕ್ಷರ ಇರುತ್ತದೆ. ಬಹಳ ಜನ ಅದನ್ನು ಓದುವುದೇ ಇಲ್ಲ. ಅಂಕಿ 95 ಎಂದಿದ್ದರೆ ಆ ಟೈರು 690 ಕೆ.ಜಿ. ಹೊರಬಲ್ಲದು. 91 ಇದ್ದರೆ 615 ಕೆ.ಜಿ. ಮಾತ್ರ. ನಾಲ್ಕು ಟೈರಿಗೆ 300 ಕೆ.ಜಿ. ವ್ಯತ್ಯಾಸ, ಅಂದರೆ 50 ಕೆ.ಜಿ.ಯ ಆರು ಅಕ್ಕಿ ಮೂಟೆ! ಅಕ್ಷರ ವೇಗದ ಮಿತಿ. ಟಿ ಎಂದರೆ ಗಂಟೆಗೆ 190 ಕಿ.ಮೀ., ಎಚ್ ಎಂದರೆ 210. ಹೊಸ ಟೈರಿನಲ್ಲಿ ಇವೆರಡೂ ಹಳೆಯದಕ್ಕಿಂತ ಕಡಿಮೆ ಇರಕೂಡದು. ಅಗ್ಗಕ್ಕೆ ಸಿಕ್ಕಿತೆಂದು ಭಾರದ ಅಂಕಿ ಕಡಿಮೆ ಇರುವುದನ್ನು ತಂದು, ಆರು ಜನ ಹತ್ತಿ, ಮೇಲೆ ಲಗೇಜು ಕಟ್ಟಿ ಬೇಸಿಗೆಯಲ್ಲಿ ಹೈವೇಗೆ ಬಿಟ್ಟರೆ ಟೈರು ಕಾದು ಸಿಡಿಯುವ ಅಪಾಯವುಂಟು.

ಕಾನೂನೂ ಸುಮ್ಮನಿಲ್ಲ. ಕಂಪನಿ ನಮೂದಿಸಿದ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಮಾರ್ಪಡಿಸಕೂಡದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಜನವರಿ 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಪಘಾತವಾದ ಮೇಲೆ ವಿಮೆಯವರು ತಕರಾರು ತೆಗೆದರೆ ಆಗ ಖದರು ಸಹಾಯಕ್ಕೆ ಬರುವುದಿಲ್ಲ.

ರೊಕ್ಕ ಎಣಿಸುವ ಮುಂಚೆ

ಇಷ್ಟೆಲ್ಲ ತಿಳಿದೂ ಬದಲಿಸಲೇಬೇಕು ಅನ್ನುವವರು ಒಂದು ಅಂಗುಲಕ್ಕೆ ನಿಲ್ಲಿಸುವುದು ಮೇಲು. ರಿಮ್ಮಿನ ಅಗಲ ಟೈರಿಗೆ ಹೊಂದಬೇಕು. 215ರ ಈ ಟೈರುಗಳಿಗೆ ಆರರಿಂದ ಏಳೂವರೆ ಅಂಗುಲ. ಬೋಲ್ಟಿನ ಅಳತೆ, ಆಫ್‌ಸೆಟ್ ಎರಡೂ ಹಳೆಯ ರಿಮ್ಮಿನಂತೆಯೇ ಇರಲಿ, ಚಕ್ರ ಹೊರಗೆ ಇಣುಕುವುದು ತಪ್ಪುತ್ತದೆ. ಸ್ಟೆಪ್ನಿಯನ್ನು ಮರೆಯಬೇಡಿ. ಅದು ಹಳೆಯ ಎತ್ತರದ್ದೇ ಉಳಿದು, ಉಳಿದ ಮೂರು ಬೇರೆ ಎತ್ತರದವಾದರೆ ಪಂಕ್ಚರ್ ಆದ ದಿನ ಗಾಡಿ ಕುಂಟುತ್ತದೆ. ಡಾಟ್ ಎಂದು ಬರೆದ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2324 ಎಂದಿದ್ದರೆ 2024ರ 23ನೇ ವಾರದ ಮಾಲು. ವರ್ಷಗಟ್ಟಲೆ ಗೋದಾಮಿನಲ್ಲಿ ಕೂತ ಟೈರನ್ನು "ಹೊಸಾದು ಐತ್ರಿ" ಎಂದರೆ ಬೇಡ ಅನ್ನಿ. ಜೋಡಿಸಿದ ಮೇಲೆ ಮನೆಮಂದಿಯನ್ನೆಲ್ಲ ಕೂರಿಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಒಂದು ಹಂಪು ಹತ್ತಿಳಿಸಿ ನೋಡಿ. ಎಲ್ಲೂ ಉಜ್ಜದಿದ್ದರೆ ಸರಿ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸದೆ ಅಂಗಡಿ ಬಿಡಬೇಡಿ.

ಖದರಿಗಿಂತ ಮನೆಯವರು ಸುಖವಾಗಿ ಊರು ಮುಟ್ಟುವುದು ಮುಖ್ಯ ಅನ್ನುವವರಿಗೆ ಇನ್ನೂ ಸಲೀಸಾದ ದಾರಿಯಿದೆ. ಹೊಸ ರಿಮ್ಮಿಗೆ ಎತ್ತಿಟ್ಟ ಹಣದಲ್ಲಿ ಹಳೆಯ ಸೈಜಿನದೇ ಐದು ಒಳ್ಳೆಯ ಟೈರು ತನ್ನಿ. ಹದಿನೈದು ದಿನಕ್ಕೊಮ್ಮೆ ಗಾಳಿ ನೋಡಿಸಿ, ಸ್ಟೆಪ್ನಿಯದೂ ಸೇರಿಸಿ.