ಆಕಾಶ ಕಾಯುವ ಫಿರಂಗಿ ಪಡೆ

ನಮ್ಮ ಹಾತಕಣಂಗಲೆ ಸೀಮೆಯವರಿಗೆ ಸೈನ್ಯವೆಂದರೆ ಬೆಳಗಾವಿ, ಬೆಳಗಾವಿಯೆಂದರೆ ಮರಾಠಾ ಲಘು ಪದಾತಿದಳ. ಬಂದೂಕು ಹೆಗಲಿಗೇರಿಸಿ ನಡೆಯುವ ಕಾಲಾಳೇ ನಮ್ಮ ಕಣ್ಣಿಗೆ ಸೈನಿಕ. ಒಮ್ಮೆ ನಾನು 1965ರ ಯುದ್ಧದ ವಿಷಯ ಹೇಳುತ್ತಿದ್ದಾಗ ಹುಡುಗನೊಬ್ಬನು ಎದ್ದು ನಿಂತು, “ಗುರುಗಳೇ, ಶತ್ರುವಿನ ವಿಮಾನ ತಲೆಯ ಮೇಲೆ ಬಂದರೆ ಕೆಳಗಿದ್ದವರು ಏನು ಮಾಡುತ್ತಾರೆ?” ಎಂದು ಕೇಳಿದನು. “ನಮ್ಮ ವಿಮಾನಗಳು ಹೋಗಿ ಹೊಡೆಯುತ್ತವೆ” ಎಂದು ಹೇಳಿ ಅವನನ್ನು ಕುಳ್ಳಿರಿಸಿದೆ. ಅದು ಅರ್ಧ ಉತ್ತರವಾಗಿತ್ತು. ಉಳಿದರ್ಧವನ್ನು ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಸಲ್ಲಿಸುತ್ತಿದ್ದೇನೆ.

ಕೆಳಗಿದ್ದವರಲ್ಲಿ ವಿಮಾನವನ್ನು ಎದುರಿಸಲೆಂದೇ ಒಂದು ಪಡೆಯುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತೀಯ ಸೈನ್ಯದಲ್ಲಿ ವಿಮಾನವಿರೋಧಿ ಫಿರಂಗಿ ಘಟಕಗಳು ಹುಟ್ಟಿದವು. ಬಹುಕಾಲ ಅವು ತೋಪಖಾನೆಯ ಅಂಗವಾಗಿಯೇ ಇದ್ದು, 1994ರ ಜನವರಿ 10ರಂದು ಪ್ರತ್ಯೇಕ ದಳವಾದವು. ಪದಾತಿಗಳು ‘ಬೆಟಾಲಿಯನ್’ ಎನ್ನುವಂಥ ಘಟಕವನ್ನು ಇವರು ‘ರೆಜಿಮೆಂಟ್’ ಎನ್ನುವರು. ಅದರೊಳಗಿನ ತುಕಡಿಗಳಿಗೆ ‘ಬ್ಯಾಟರಿ’ ಎಂದು ಹೆಸರು.

ಇವರ ಕೆಲಸದ ಕಷ್ಟವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನ ಒಂದು ಸೆಕೆಂಡಿಗೆ 250 ಮೀಟರ್ ಸಾಗುತ್ತದೆ. ಎರಡು ಕಿಲೋಮೀಟರ್ ದೂರದಲ್ಲಿರುವ ಅದನ್ನು ಗುಂಡು ಮುಟ್ಟಲು ಎರಡು ಸೆಕೆಂಡು ಬೇಕೆಂದರೂ, ಅಷ್ಟರಲ್ಲಿ ವಿಮಾನ ಅರ್ಧ ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಆದುದರಿಂದ ವಿಮಾನ ಇರುವಲ್ಲಿಗಲ್ಲ, ಅದು ತಲುಪಲಿರುವಲ್ಲಿಗೆ ಗುರಿಯಿಡಬೇಕು. ಮೇಲಿಂದ ಬಾಂಬು ಬೀಳುವಾಗಲೂ ಫಿರಂಗಿಯನ್ನು ಬಿಟ್ಟು ಕದಲಬಾರದು.

1965ರಲ್ಲಿ ಅಮೃತಸರದ ರಾಡಾರ್ ಕೇಂದ್ರವು ನಮ್ಮ ವಾಯುಪಡೆಗೆ ಕಣ್ಣಾಗಿತ್ತು. ಪಾಕಿಸ್ತಾನದ ವಿಮಾನಗಳು ಮತ್ತೆ ಮತ್ತೆ ಅದರ ಮೇಲೆ ಎರಗಿದವು. ಸೆಪ್ಟೆಂಬರ್ 11ರಂದು ಅಂಥದೊಂದು ಸೇಬರ್ ವಿಮಾನವು ನೆಲದಿಂದ ಹಾರಿದ ಗುಂಡಿಗೆ ಉರುಳಿತು. 27ನೆಯ ವಾಯುರಕ್ಷಣಾ ರೆಜಿಮೆಂಟಿಗೆ ‘ಅಮೃತಸರ ಏರ್‌ಫೀಲ್ಡ್’ ಎಂಬ ಗೌರವದ ಬಿರುದು ದೊರೆಯಿತು.

ಅನಂತರ ಫಿರಂಗಿಯ ಜೊತೆಗೆ ಕ್ಷಿಪಣಿಯೂ ಬಂದಿತು. 2015ರ ಮೇ ತಿಂಗಳಲ್ಲಿ ಸೈನ್ಯಕ್ಕೆ ಸೇರಿದ ‘ಆಕಾಶ್’ ಕ್ಷಿಪಣಿಯ ಯೋಜನಾ ನಿರ್ದೇಶಕರಾಗಿದ್ದವರು ಬೆಂಗಳೂರಿನಲ್ಲಿ ಓದಿದ ಡಾ. ಪ್ರಹ್ಲಾದ ರಾಮರಾವ್ ಅವರು. ಅದರ ‘ರಾಜೇಂದ್ರ’ ರಾಡಾರ್ ರೂಪುಗೊಂಡದ್ದೂ ಬೆಂಗಳೂರಿನ ಪ್ರಯೋಗಾಲಯದಲ್ಲಿಯೇ. 2025ರ ಮೇ ತಿಂಗಳಲ್ಲಿ ಪಶ್ಚಿಮದ ಗಡಿಯ ಮೇಲೆ ಡ್ರೋನುಗಳು ಬಂದಾಗ ಆಕಾಶ್ ಮಾತ್ರವಲ್ಲ, ಹಳೆಯ ಎಲ್-70 ಫಿರಂಗಿಗಳೂ ಹೊಸ ರಾಡಾರ್ ಮತ್ತು ದೃಷ್ಟಿಯಂತ್ರಗಳ ಬಲದಿಂದ ಕೆಲಸಕ್ಕೆ ಬಂದವು. ಹಳತೆಂದು ಎಸೆಯದೆ ತಿದ್ದಿ ಬಳಸಿದ್ದರ ಫಲವಿದು.

ಅಂದು ಪ್ರಶ್ನೆ ಕೇಳಿದ ವಿದ್ಯಾರ್ಥಿ ಇಂದು ಎಲ್ಲಿರುವನೋ ಅರಿಯೆ. ಈ ಸಂಚಿಕೆ ಅವನ ಕೈಸೇರಿದರೆ ತಿಳಿಯಲಿ: ಅಪ್ಪಾ, ಕೆಳಗಿದ್ದವರು ಓಡುವುದಿಲ್ಲ, ಆಕಾಶ ನೋಡುತ್ತ ನಿಂತೇ ಇರುತ್ತಾರೆ. ತಡವಾದ ಉತ್ತರಕ್ಕಾಗಿ ನಿನ್ನ ಗುರುವನ್ನು ಕ್ಷಮಿಸು.