ಕಾರ್ಖಾನೆ ಹೋಯಿತು, ಅಂಗಡಿ ಉಳಿಯಿತು

ಎರಡು ತುಂಡು ಸ್ವೀಡ್ ತೊಗಲು, ಎರಡು ಜೊತೆ ತೂತು, ಒಂದು ಲೇಸು, ಅಡಿಗೆ ಕ್ರೇಪ್ ರಬ್ಬರಿನ ದಪ್ಪ ಅಟ್ಟೆ. ಡೆಸರ್ಟ್ ಬೂಟ್ ಎಂದರೆ ಇಷ್ಟೇ. ಇಂಗ್ಲೆಂಡಿನ ನೈಋತ್ಯಕ್ಕಿರುವ ಸಾಮರ್ಸೆಟ್ ಸೀಮೆಯ ಸ್ಟ್ರೀಟ್ ಎಂಬ ಊರಿಗೆ ನಾನು ಹೊರಟದ್ದು ಈ ಬೂಟಿನ ತವರು ನೋಡಲು. ಬ್ರಿಸ್ಟಲ್‌ನಲ್ಲಿರುವ ನನ್ನ ಅಕ್ಕನ ಮಗಳು ಜೊತೆಗೆ ಬಂದದ್ದು ಮಕ್ಕಳಿಗೆ ಶಾಲೆಯ ಷೂ ಕೊಳ್ಳಲು. “ಚಿಕ್ಕಮ್ಮ, ಮೊದಲು ಅಂಗಡಿ, ಆಮೇಲೆ ನಿಮ್ಮ ಮ್ಯೂಸಿಯಂ. ಮಧ್ಯಾಹ್ನದ ಮೇಲೆ ಒಳ್ಳೆ ಸೈಜುಗಳೇ ಸಿಗಲ್ಲ” ಎಂದು ಬಸ್ಸು ಹತ್ತುವ ಮೊದಲೇ ಕರಾರು ಹಾಕಿದ್ದಳು. ಎರಡೂ ಕೆಲಸ ಹೆಚ್ಚುಕಡಿಮೆ ಒಂದೇ ಆವರಣದಲ್ಲಿ ಮುಗಿಯುತ್ತದೆ. ಕ್ಲಾರ್ಕ್ಸ್ ವಿಲೇಜ್ ಎಂಬ ಈ ಔಟ್‌ಲೆಟ್ ಮಾರುಕಟ್ಟೆ ನಿಂತಿರುವುದೇ ಕ್ಲಾರ್ಕ್ಸ್ ಕಂಪನಿಯ ಹಳೆಯ ಷೂ ಕಾರ್ಖಾನೆಯ ಜಾಗದಲ್ಲಿ.

ಔಟ್‌ಲೆಟ್ ವಿಲೇಜ್ ಎಂದರೆ ನಮ್ಮ ಪ್ರವಾಸಿಗಳಿಗೆ ಮೊದಲು ನೆನಪಾಗುವುದು ಆಕ್ಸ್‌ಫರ್ಡ್ ಬಳಿಯ ಬಿಸ್ಟರ್ ವಿಲೇಜ್. 1995ರಲ್ಲಿ ಶುರುವಾದ ಅದರ ವೈಭವವೇ ಬೇರೆ. ಲಂಡನ್ನಿನ ಮ್ಯಾರಿಲೆಬೋನ್‌ನಿಂದ ರೈಲು ಹತ್ತಿದರೆ ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಅಂಗಡಿಬಾಗಿಲಿಗೇ ಇಳಿಸುತ್ತದೆ. 2015ರಿಂದ ನಿಲ್ದಾಣಕ್ಕೂ ಅಂಗಡಿಗಳದೇ ಹೆಸರು. ಚೀನೀ ಮತ್ತು ಅರಬ್ಬಿ ಭಾಷೆಗಳಲ್ಲೂ ಅಲ್ಲಿ ಪ್ರಕಟಣೆ ಹೊರಡುತ್ತದೆ. ಗೂಚಿ, ಪ್ರಾಡಾ, ಬರ್ಬೆರಿ ಎಲ್ಲ ಅಲ್ಲಿ ಸಾಲಾಗಿ ನಿಂತಿವೆ. ಸ್ಟ್ರೀಟ್ ಅಷ್ಟು ದೊಡ್ಡವರ ಸಹವಾಸದ್ದಲ್ಲ. ರೈಲು ನಿಲ್ದಾಣವೂ ಇಲ್ಲ. ಬ್ರಿಸ್ಟಲ್‌ನಿಂದ 376 ನಂಬರಿನ ಬಸ್ಸು ವೆಲ್ಸ್, ಗ್ಲಾಸ್ಟನ್‌ಬರಿ ಊರುಗಳನ್ನೆಲ್ಲ ಮಾತಾಡಿಸಿಕೊಂಡು ನಿಧಾನವಾಗಿ ತಲುಪಿಸುತ್ತದೆ. ಬಂದವರಲ್ಲಿ ಹೆಚ್ಚಿನವರು ಮಧ್ಯಮ ವರ್ಗದವರು: ಶಾಲೆ ಶುರುವಾಗುವ ಮುಂಚೆ ಮಕ್ಕಳನ್ನು ಎಳೆದುಕೊಂಡು ಬಂದ ತಾಯಂದಿರು, ಬೆಂಚಿನ ಮೇಲೆ ಚೀಲ ಕಾಯುತ್ತ ಕುಳಿತ ಗಂಡಸರು, ಮಗನ ಮನೆಗೆ ಬಂದು ವಾಪಸ್ ಹೊರಡುವ ಮೊದಲು ಸೂಟ್‌ಕೇಸಿನ ಕೆ.ಜಿ. ಲೆಕ್ಕ ಹಾಕುವ ನಮ್ಮ ಕಡೆಯ ಅತ್ತೆ ಮಾವಂದಿರು.

ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ ಮುದುಕಿಯೊಬ್ಬರು ನಾವು ಹೊರಟ ಜಾಗ ಕೇಳಿ ನಕ್ಕರು. ಅವರು ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದವರಂತೆ. ಬೂಟಿನ ಮೇಲ್ಭಾಗದ ತುಂಡುಗಳನ್ನು ಮಷೀನಿನಲ್ಲಿ ಹೊಲಿದು ಕೂಡಿಸುವ ಕ್ಲೋಸಿಂಗ್ ರೂಮಿನಲ್ಲಿ. ಅಲ್ಲಿದ್ದವರಲ್ಲಿ ಬಹುಪಾಲು ಹೆಂಗಸರೇ. ಅವರು ಹೇಳಿದ ಒಂದು ಮಾತು ನನಗೆ ಹಿಡಿಸಿತು: ಹೊಲಿಯುವವರು ಎಷ್ಟೇ ಜಾಣರಾದರೂ ತೊಗಲು ಕತ್ತರಿಸುವವನು ದಡ್ಡನಾದರೆ ಷೂ ಕೆಟ್ಟಿತು. ಒಂದು ಹಸುವಿನ ತೊಗಲನ್ನು ಮೇಜಿನ ಮೇಲೆ ಹರಡಿದರೆ ಎಲ್ಲ ಕಡೆ ಒಂದೇ ಗುಣ ಇರುವುದಿಲ್ಲ. ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಸಡಿಲ, ಎಳೆದರೆ ಜಗ್ಗುತ್ತದೆ. ಬೆರಳಿನ ಮೇಲೆ ಮಡಚಿಕೊಳ್ಳುವ ಜಾಗಕ್ಕೆ ಯಾವ ತುಂಡು, ಕಣ್ಣಿಗೆ ಬೀಳದ ಒಳಬದಿಗೆ ಯಾವ ತುಂಡು, ಮುಳ್ಳುತಂತಿ ತಾಗಿ ಬಿದ್ದ ಗೀರನ್ನು ಎಲ್ಲಿ ತಪ್ಪಿಸಬೇಕು, ಎಡ ಬಲ ಎರಡೂ ಒಂದೇ ದಿಕ್ಕಿಗೆ ಜಗ್ಗುವಂತೆ ಜೋಡಿ ಹೇಗೆ ಕೂಡಿಸಬೇಕು, ಇದೆಲ್ಲ ಕಣ್ಣಳತೆಯ ವಿದ್ಯೆ. “ಅವರಿಗೆ ಗತ್ತು ಜಾಸ್ತಿ. ಆದರೆ ಆ ಗತ್ತು ಅವರಿಗೆ ಒಪ್ಪುತ್ತಿತ್ತು” ಎಂದರು. ತಾವು ಹೊಲಿದ ಕೆಲಸದ ಬಗ್ಗೆ ಹೆಚ್ಚು ಹೇಳಲಿಲ್ಲ. ನಾನು ಇನ್ನೊಂದು ಪ್ರಶ್ನೆ ಕೇಳುವಷ್ಟರಲ್ಲಿ ಗ್ಲಾಸ್ಟನ್‌ಬರಿ ಬಂತು, ಇಳಿದುಹೋದರು.

ಕಂಪನಿಯ ಚರಿತ್ರೆ ಪುಟ್ಟದಾಗಿ ಹೀಗಿದೆ. 1825ರಲ್ಲಿ ಸೈರಸ್ ಕ್ಲಾರ್ಕ್ ಎಂಬಾತ ಸ್ಟ್ರೀಟ್‌ನಲ್ಲಿ ಕುರಿತೊಗಲಿನ ಹಾಸು ಮಾಡಿ ಮಾರತೊಡಗಿದ. ತಮ್ಮ ಜೇಮ್ಸ್ ಬಂದು ಸೇರಿ, ಕತ್ತರಿಸಿ ಉಳಿದ ಚೂರುಗಳನ್ನು ಎಸೆಯುವ ಬದಲು ಮನೆಯೊಳಗೆ ಮೆಟ್ಟುವ ಸ್ಲಿಪ್ಪರ್ ಹೊಲಿಸಿದ. ಚೂರುಗಳ ವ್ಯಾಪಾರವೇ ಮುಂದೆ ಮೂಲ ವ್ಯಾಪಾರವನ್ನು ನುಂಗಿತು. ಮೊದಮೊದಲು ಹೊಲಿಗೆ ಕೆಲಸ ಊರಿನ ಮನೆಮನೆಗಳಲ್ಲಿ ನಡೆಯುತ್ತಿತ್ತು. 1850ರ ದಶಕದಲ್ಲಿ ಸಿಂಗರ್ ಮಷೀನು ಬಂದ ಮೇಲೆ ಒಂದೇ ಸೂರಿನಡಿ ಬಂತು. ಕ್ಲಾರ್ಕ್ ಕುಟುಂಬ ಕ್ವೇಕರ್ ಪಂಥದ್ದು. ಮದ್ಯ ವರ್ಜ್ಯ, ಆಣೆ ಪ್ರಮಾಣ ವರ್ಜ್ಯ, ಯುದ್ಧ ವರ್ಜ್ಯ. ಊರಿಗೆ ಸಭಾಭವನ, ಶಾಲೆ, ಗ್ರಂಥಾಲಯ ಕಟ್ಟಿಸಿಕೊಟ್ಟರು. ಹೆಂಡದಂಗಡಿಯನ್ನು ಮಾತ್ರ ಬಹುಕಾಲ ಹತ್ತಿರ ಸೇರಿಸಲಿಲ್ಲ.

ಕ್ವೇಕರ್ ವ್ಯಾಪಾರಿಗಳ ಇನ್ನೊಂದು ಕಟ್ಟುಪಾಡನ್ನು ಇಲ್ಲಿ ಹೇಳಲೇಬೇಕು. ಒಂದು ವಸ್ತುವಿಗೆ ಒಂದೇ ಬೆಲೆ. ಚೌಕಾಶಿ ಕೂಡದು. ಮೊದಲು ಹೆಚ್ಚು ಹೇಳಿ ಆಮೇಲೆ ಇಳಿಸುವುದು ಸುಳ್ಳಾಡಿದ ಹಾಗೆ ಎಂಬುದು ಅವರ ನಂಬಿಕೆ. ಚೌಕಾಶಿಯೇ ರೂಢಿಯಾಗಿದ್ದ ಕಾಲದಲ್ಲಿ ಹೀಗೆ ವ್ಯಾಪಾರ ಮಾಡಿಯೇ ಅವರು ಹೆಸರು ಗಳಿಸಿದರು. ಅಂಥವರ ಕಾರ್ಖಾನೆಯ ಅಂಗಳದಲ್ಲಿ ಇವತ್ತು ಪ್ರತಿ ಚೀಟಿಯ ಮೇಲೂ ಎರಡು ಬೆಲೆ, ಒಂದಕ್ಕೆ ಅಡ್ಡಗೀಟು. ಸೈರಸ್ ಬಂದು ನೋಡಿದ್ದರೆ ಮೂರ್ಛೆ ಹೋಗುತ್ತಿದ್ದ.

ಈಗ ನಾನು ಬಂದ ಕಾರಣಕ್ಕೆ ಬರುತ್ತೇನೆ. ಜೇಮ್ಸ್‌ನ ಮರಿಮಗ ನೇಥನ್ ಕ್ಲಾರ್ಕ್ ಹುಟ್ಟಿದ್ದು 1916ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಸರಬರಾಜು ವಿಭಾಗ ಸೇರಿ 1941ರಲ್ಲಿ ಬರ್ಮಾಕ್ಕೆ ಬಂದ. ಹೊಸ ಬಗೆಯ ಪಾದರಕ್ಷೆ ಎಲ್ಲಾದರೂ ಕಂಡರೆ ಗುರುತು ಹಾಕಿಕೋ ಎಂದು ಅಣ್ಣ ಬ್ಯಾಂಕ್ರಾಫ್ಟ್ ಹೇಳಿ ಕಳಿಸಿದ್ದ. ಯುದ್ಧಕ್ಕೆ ಹೊರಟ ತಮ್ಮನಿಗೆ ಹೇಳುವ ಮಾತು ಇದೇ ನೋಡಿ, ವ್ಯಾಪಾರಸ್ಥರ ಮನೆ! ಅಲ್ಲಿಗೆ ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಹೋರಾಡಿ ಬಂದ ಅಧಿಕಾರಿಗಳ ಕಾಲಲ್ಲಿ ವಿಚಿತ್ರವಾದ ಬೂಟು ಕಂಡಿತು. ಕಣಕಾಲಿನವರೆಗೆ ಬರುವ ಸ್ವೀಡ್, ಅಡಿಗೆ ಕ್ರೇಪ್. ವಿಚಾರಿಸಿದರೆ, ಅದನ್ನು ಹೊಲಿದುಕೊಟ್ಟವರು ಕೈರೋದ ಬಜಾರಿನ ಕುಶಲಕರ್ಮಿಗಳು. ಸೈನ್ಯ ಕೊಟ್ಟ ಗಡಸು ಬೂಟು ಮರಳಿನಲ್ಲಿ ಒಗ್ಗದೆ ಅಧಿಕಾರಿಗಳು ಸ್ವಂತ ಖರ್ಚಿನಲ್ಲಿ ಮಾಡಿಸಿಕೊಂಡದ್ದು. ನೇಥನ್ ಅದರ ಚಿತ್ರ ಬರೆದು, ಅಳತೆ ನಮೂದಿಸಿ ಸ್ಟ್ರೀಟ್‌ಗೆ ಕಳಿಸಿದ.

ಸ್ಟ್ರೀಟ್‌ನಲ್ಲಿ ಯಾರೂ ಕ್ಯಾರೇ ಅನ್ನಲಿಲ್ಲ. ಯುದ್ಧ ಮುಗಿದು ಊರಿಗೆ ಬಂದ ನೇಥನ್ ತಾನೇ ಕೂತು ಪ್ಯಾಟರ್ನ್ ಕತ್ತರಿಸಿ ಮಾದರಿ ಮಾಡಿಸಿದ. ಇದು ಮಾರಾಟವಾಗುವ ಸರಕಲ್ಲ ಎಂದು ಕಂಪನಿಯ ಹಿರಿಯರು ತಳ್ಳಿಹಾಕಿದರು. ಆತ ಅದನ್ನು 1949ರಲ್ಲಿ ಅಮೆರಿಕದ ಷಿಕಾಗೋ ಷೂ ಮೇಳಕ್ಕೆ ಒಯ್ದ. ಅಲ್ಲಿ ‘ಎಸ್ಕ್ವೈರ್’ ಪತ್ರಿಕೆಯ ಫ್ಯಾಷನ್ ಸಂಪಾದಕನ ಕಣ್ಣಿಗೆ ಬಿತ್ತು, ಬಣ್ಣದ ಚಿತ್ರದೊಡನೆ ಅಚ್ಚಾಯಿತು. 1950ರಲ್ಲಿ ಮಾರಾಟ ಶುರು. ಇಂಗ್ಲೆಂಡಿನವರಿಗಿಂತ ಮೊದಲು ಅಮೆರಿಕ, ಕೆನಡಾದವರು ಮೆಟ್ಟಿದರು. ಆಮೇಲೆ ಜಮೈಕಾದ ಹುಡುಗರು ಹಚ್ಚಿಕೊಂಡರೆಂದರೆ, ಆ ದ್ವೀಪದ ಹಾಡುಗಳಲ್ಲಿ ಕ್ಲಾರ್ಕ್ಸ್ ಹೆಸರು ಇವತ್ತಿಗೂ ಕೇಳಿಬರುತ್ತದೆ. ಮನೆಯವರೇ ಬೇಡವೆಂದ ಬೂಟು ಮನೆತನದ ಹೆಸರನ್ನು ಲೋಕಕ್ಕೆಲ್ಲ ಮುಟ್ಟಿಸಿತು. ನೇಥನ್ 94 ವರ್ಷ ಬದುಕಿ 2011ರಲ್ಲಿ ತೀರಿಕೊಂಡ.

ಬೂಟಿನ ಕಟ್ಟೋಣವನ್ನೂ ಸ್ವಲ್ಪ ಹೇಳಬೇಕು. ಸಾಮಾನ್ಯ ಷೂವಿನಲ್ಲಿ ಮೇಲ್ಭಾಗದ ತೊಗಲಿನ ಅಂಚು ಅಚ್ಚಿನ ಕೆಳಗೆ ಒಳಕ್ಕೆ ಮಡಚಿಕೊಳ್ಳುತ್ತದೆ. ಇದರಲ್ಲಿ ಅಂಚನ್ನು ಹೊರಕ್ಕೆ ಚಾಚಿ ಅಡಿಪದರಕ್ಕೆ ಸುತ್ತಲೂ ಹೊಲಿಯುತ್ತಾರೆ. ಹೊಲಿಗೆ ಕಣ್ಣಿಗೆ ಕಾಣುತ್ತದೆ, ಮುಚ್ಚುಮರೆಯಿಲ್ಲ. ಅದರ ಕೆಳಗೆ ಕ್ರೇಪ್ ಅಟ್ಟೆ ಅಂಟಿಸುತ್ತಾರೆ. ಸುಳ್ಯ, ಬೆಳ್ತಂಗಡಿ ಕಡೆಯ ರಬ್ಬರ್ ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ. ಹಾಲಿಗೆ ಆ್ಯಸಿಡ್ ಹಾಕಿ ಹೆಪ್ಪುಗಟ್ಟಿಸಿ, ರೋಲರಿನಲ್ಲಿ ಒತ್ತಿ, ಹೊಗೆಗೂಡಿನಲ್ಲಿ ಒಣಗಿಸಿದರೆ ನಮ್ಮ ಕಂದು ಶೀಟು. ಹೊಗೆ ತಾಗಿಸದೆ ತೆಳು ಹಾಳೆ ಮಾಡಿ ಗಾಳಿಯಲ್ಲಿ ಒಣಗಿಸಿ ಪದರ ಪದರ ಕೂಡಿಸಿದರೆ ಮಾಸಲು ಹಳದಿಯ ಕ್ರೇಪ್. ನಡೆದರೆ ಸದ್ದಾಗುವುದಿಲ್ಲ. ಆದರೆ ಬೀದಿಯ ಕೊಳೆಯನ್ನೆಲ್ಲ ಅಂಟಿಸಿಕೊಂಡು ಬೇಗ ಕಪ್ಪಾಗುತ್ತದೆ. ಮಳೆಗಾಲಕ್ಕಂತೂ ಆಗಿಬರುವುದಿಲ್ಲ.

ಔಟ್‌ಲೆಟ್ ಎಂಬ ಪದ್ಧತಿ ಹುಟ್ಟಿದ್ದೇ ಇಂಥ ಕಾರ್ಖಾನೆಗಳ ಬಾಗಿಲಲ್ಲಿ. ಬಣ್ಣ ಏರುಪೇರಾದ, ಹೊಲಿಗೆ ಅರ್ಧ ಎಳೆ ತಪ್ಪಿದ ಸರಕನ್ನು ಕೆಲಸಗಾರರಿಗೆ, ಆಮೇಲೆ ಊರವರಿಗೆ ಕಡಿಮೆ ಬೆಲೆಗೆ ಕೊಡುತ್ತಿದ್ದರು. 1970ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ರೆಡಿಂಗ್ ಎಂಬ ಊರಿನಲ್ಲಿ, ಒಂದು ಕಾಲುಚೀಲದ ಗಿರಣಿಯ ಕಟ್ಟಡದಲ್ಲಿ, ಇಂಥ ಹಲವು ಅಂಗಡಿಗಳನ್ನು ಒಟ್ಟುಗೂಡಿಸಿದರು. ಅಲ್ಲಿಂದ ಅದು ಉದ್ಯಮವಾಯಿತು. ದೊಡ್ಡ ಬ್ರ್ಯಾಂಡುಗಳಿಗೆ ಇದರಿಂದ ಇನ್ನೊಂದು ಅನುಕೂಲ: ಮಾರಾಟವಾಗದ ಮಾಲನ್ನು ಪೇಟೆಯ ನಡುವಿನ ಅಂಗಡಿಯಲ್ಲಿ ಅಗ್ಗಕ್ಕಿಟ್ಟರೆ ಮರ್ಯಾದೆ ಹೋಗುತ್ತದೆ, ಊರಾಚೆ ಇಟ್ಟರೆ ಹೋಗುವುದಿಲ್ಲ. ಮರ್ಯಾದೆಯ ಚಿಂತೆ ಎಷ್ಟೆಂದರೆ, ಬರ್ಬೆರಿ ಕಂಪನಿ ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡಿನ ಸರಕನ್ನು ನಾಶಮಾಡಿದ್ದು 2018ರಲ್ಲಿ ಹೊರಬಿದ್ದು, ಜನ ಛೀಮಾರಿ ಹಾಕಿದ ಮೇಲೆ ಆ ಪದ್ಧತಿ ಬಿಟ್ಟಿತು.

ಸ್ಟ್ರೀಟ್‌ನ ಕಥೆಯಲ್ಲಿ 1993 ಮುಖ್ಯ ವರ್ಷ. ಹೊರಗಿನ ಕಂಪನಿಯೊಂದು ಕ್ಲಾರ್ಕ್ಸ್ ಅನ್ನು ಕೊಳ್ಳಲು ಬಂತು. ಮಾರಬೇಕೋ ಬೇಡವೋ ಎಂದು ದಾಯಾದಿಗಳಲ್ಲೇ ಎರಡು ಪಾಳಯವಾಗಿ, ಕೊನೆಗೆ ಷೇರುದಾರರು ಅಲ್ಪ ಅಂತರದಲ್ಲಿ ಬೇಡವೆಂದರು. ಮನೆತನ ಉಳಿಯಿತು. ಅದೇ ವರ್ಷ ಖಾಲಿಯಾಗಿದ್ದ ಕಾರ್ಖಾನೆಯ ಕಟ್ಟಡಗಳು ಔಟ್‌ಲೆಟ್ ಅಂಗಡಿಗಳಾದವು. ಬ್ರಿಟನ್ನಿನ ಮೊತ್ತಮೊದಲ ಔಟ್‌ಲೆಟ್ ವಿಲೇಜ್‌ಗಳಲ್ಲಿ ಇದೊಂದು. ಈಗ ಸುಮಾರು 90 ಅಂಗಡಿಗಳಿವೆ. ಷೂ ಮಾಡುವ ಕೆಲಸ ಪೋರ್ಚುಗಲ್, ಭಾರತ, ಚೀನಾ, ವಿಯೆಟ್ನಾಂ ಎಂದು ದಾಟುತ್ತ ಹೋಯಿತು. ರೋಬೊಗಳ ನೆರವಿನಿಂದ ಡೆಸರ್ಟ್ ಬೂಟನ್ನು ಮತ್ತೆ ಸ್ಟ್ರೀಟ್‌ನಲ್ಲೇ ಮಾಡುವ ಪ್ರಯತ್ನವೂ ನಡೆದು 2019ರಲ್ಲಿ ಬಾಗಿಲು ಹಾಕಿತು. 2021ರಲ್ಲಿ ಕಂಪನಿಯ ಹೆಚ್ಚಿನ ಪಾಲು ಹಾಂಗ್‌ಕಾಂಗ್‌ನ ಹೂಡಿಕೆದಾರರಿಗೆ ಹೋಯಿತು. ಅದೇ ವರ್ಷ ಸಂಬಳ ಕಡಿತದ ಹೊಸ ಕರಾರು ಒಪ್ಪದೆ ಸ್ಟ್ರೀಟ್‌ನ ಗೋದಾಮಿನ ಕೆಲಸಗಾರರು ವಾರಗಟ್ಟಲೆ ಮುಷ್ಕರ ಹೂಡಿದರು. ಅವರು ಷೂ ಮಾಡುವವರಾಗಿರಲಿಲ್ಲ, ಪೆಟ್ಟಿಗೆ ಎತ್ತಿಡುವವರು.

ನಾನು ಕ್ಲಾರ್ಕ್ಸ್ ಅಂಗಡಿಯಲ್ಲಿ ಒಂದು ಡೆಸರ್ಟ್ ಬೂಟಿನ ನಾಲಗೆ ಎತ್ತಿ ನೋಡಿದೆ. ಮೇಡ್ ಇನ್ ವಿಯೆಟ್ನಾಂ. ಕೈರೋದ ಬಜಾರಿನವರಿಗೆ ಬಂದ ಕೆಲಸ ಸ್ಟ್ರೀಟ್‌ಗೆ ಹೋಗಿ, ತಿರುಗಿ ಪೂರ್ವಕ್ಕೇ ಬಂದಿದೆ. ವಿಯೆಟ್ನಾಮಿನ ಕೈಗಳಿಗೆ ಕೂಲಿ ಸಿಗುವುದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ತೊಗಲಿನ ಹೊಟ್ಟೆ ಬೆನ್ನು ಬಲ್ಲವರಿದ್ದ ಊರಿನಲ್ಲಿ ಈಗ ಎಳೆಯರಿಗೆ ಸಿಗುವ ಕೆಲಸ ಬಿಲ್ಲು ಹಾಕುವುದು, ಸೈಜು ಹುಡುಕಿಕೊಡುವುದು. ಬೆಂಗಳೂರಿನ ಮಿಲ್ಲುಗಳನ್ನು ಕಂಡವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಗಿರಣಿಯ ಜಾಗದಲ್ಲಿ ಗಿರಣಿಯ ಗುರುತೂ ಉಳಿಯುವುದಿಲ್ಲ, ಅಲ್ಲಿ ಅಷ್ಟಾದರೂ ಇದೆ.

ಇನ್ನು ಕೊಳ್ಳುವವರಿಗೆ ಎರಡು ಮಾತು. ಔಟ್‌ಲೆಟ್‌ನಲ್ಲಿ ಇರುವುದೆಲ್ಲ ಹೋದ ವರ್ಷ ಉಳಿದ ಅಸಲಿ ಮಾಲು ಎಂದು ನಂಬಬೇಡಿ. ಎಷ್ಟೋ ಬ್ರ್ಯಾಂಡುಗಳು ಔಟ್‌ಲೆಟ್‌ಗೆಂದೇ ಅಗ್ಗದ ಸರಕು ಬೇರೆ ಮಾಡಿಸುತ್ತವೆ. ಅಂಥದ್ದಕ್ಕೆ ಹಾಕಿದ ‘ಮೂಲ ಬೆಲೆ’ಗೆ ಅದು ಎಂದೂ ಮಾರಾಟವಾಗಿರುವುದೇ ಇಲ್ಲ. 2014ರಲ್ಲಿ ಅಮೆರಿಕದ ಕೆಲವು ಸಂಸದರು ಇದನ್ನೇ ಪ್ರಶ್ನಿಸಿ ತನಿಖೆ ಕೇಳಿದ್ದರು. ಹಾಗಾಗಿ ಗೀಟು ಹೊಡೆದ ಬೆಲೆಯನ್ನು ಬಿಟ್ಟು ಹೊಲಿಗೆ, ಅಟ್ಟೆ, ಒಳಪದರ ನೋಡಿ. ಪ್ರವಾಸಿಗಳಿಗೆ ಸಿಗುತ್ತಿದ್ದ ತೆರಿಗೆ ವಾಪಸಾತಿ ಇಂಗ್ಲೆಂಡಿನಲ್ಲಿ 2021ರ ಜನವರಿಯಿಂದ ನಿಂತುಹೋಗಿದೆ. ಮಕ್ಕಳ ಷೂಗೆ ಮೊದಲಿಂದಲೂ ವ್ಯಾಟ್ ಇಲ್ಲ. ಅಕ್ಕನ ಮಗಳ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಕಪ್ಪು ತೊಗಲಿನ ಎರಡು ಜೊತೆ ಷೂ ಅವಳ ಚೀಲ ಸೇರಿದವು.

ಅಂಗಡಿಗಳ ಮಗ್ಗುಲಲ್ಲೇ ಷೂಮೇಕರ್ಸ್ ಮ್ಯೂಸಿಯಂ ಇದೆ, ಕ್ಲಾರ್ಕ್ಸ್‌ಗೆ 200 ವರ್ಷ ತುಂಬಿದ 2025ರಲ್ಲಿ ತೆರೆದದ್ದು. ಆ ಊರಿನ ಕಲ್ಲುಗಣಿಗಳಲ್ಲಿ ಸಿಕ್ಕ ಇಕ್ತಿಯೋಸಾರ್ ಎಂಬ ಪ್ರಾಚೀನ ಕಡಲಜೀವಿಯ ಪಳೆಯುಳಿಕೆಗಳೂ ಅಲ್ಲಿವೆ. ಮೊಮ್ಮಕ್ಕಳನ್ನು ನೋಡಲೆಂದೋ ಬಾಣಂತನಕ್ಕೆಂದೋ ಆ ಕಡೆ ಹೋಗುವ ಓದುಗರಲ್ಲಿ ನನ್ನದೊಂದು ಕೋರಿಕೆ. ಬೆಳಗಿನ ಬಸ್ಸು ಹಿಡಿಯಿರಿ, ಅಂಗಡಿಗಿಂತ ಮೊದಲು ಮ್ಯೂಸಿಯಂಗೆ ಹೋಗಿ. ಅಲ್ಲಿ ಊರಿನ ಹಿರಿಯರು ಯಾರಾದರೂ ಕಂಡರೆ, ಕಾರ್ಖಾನೆಯಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿ. ಹೇಳಬಲ್ಲವರು ಇನ್ನೂ ಇದ್ದಾರೆ, ಆದರೆ ಎಲ್ಲರಿಗೂ ವಯಸ್ಸಾಗಿದೆ.