ಸೊರಗಿದ ಗಿಡಕ್ಕೆ ಔಷಧಿ ಹೊಡೆಯೋ ಮುಂಚೆ ಒಮ್ಮೆ ಕಿತ್ತು ನೋಡಿ

"ಅಣ್ಣಾ, ಟೊಮೆಟೊ ಗಿಡ ಬಾಡ್ತಿದೆ, ಏನು ಹೊಡೀಲಿ?" ಅಂತ ವಾರಕ್ಕೆ ಹತ್ತಾರು ಫೋಟೋ ನನ್ನ ವಾಟ್ಸಾಪಿಗೆ ಬರುತ್ತವೆ. ಫೋಟೋದಲ್ಲಿ ಇರೋದು ಬರೀ ಎಲೆ. ಬೇರೂ ಇಲ್ಲ, ಕಾಂಡವೂ ಇಲ್ಲ.

ಇದೇ ತಪ್ಪು ನಾನೂ ಮಾಡಿದ್ದೆ. ತೋಟಗಾರಿಕೆ ಪದವಿ ಮುಗಿಸಿ ಊರಿಗೆ ಬಂದ ಮೊದಲ ವರ್ಷ, ಸಾಲ ಮಾಡಿ ಅರ್ಧ ಎಕರೆ ಟೊಮೆಟೊ ಹಾಕಿದ್ದೆ. ಕಾಯಿ ಕಟ್ಟೋ ಹೊತ್ತಿಗೆ ಎಂಟ್ಹತ್ತು ಗಿಡ ಹಸಿರಾಗಿದ್ದಂತೆಯೇ ಜೋತುಬಿದ್ದವು. ಅಂಗಡಿಯವರು ಶಿಲೀಂಧ್ರನಾಶಕ ಕೊಟ್ಟರು, ನಾನು ಮೂರು ಸಲ ಸುರಿದೆ. ಸಾಲಿಗೆ ನೀರು ಹಾಯಿಸೋದನ್ನೂ ನಿಲ್ಲಿಸಲಿಲ್ಲ. ನೀರಿನ ಜೊತೆ ರೋಗವೂ ಹರಿದು, ಮೊದಲ ಕೊಯ್ಲಿಗೆ ಅರ್ಧ ತೋಟ ಖಾಲಿ. "ನಾಲ್ಕು ವರ್ಷ ಓದಿದ್ದು ಇದಕ್ಕೇನೋ?" ಅಂದರು ಅಪ್ಪ. ಅದು ದುಂಡಾಣು ಸೊರಗು ರೋಗ. ಶಿಲೀಂಧ್ರನಾಶಕಕ್ಕೆ ಅದು ಬಗ್ಗೋದೇ ಇಲ್ಲ.

ಗಿಡಕ್ಕೆ ರೋಗ ತರುವ ಜೀವಿಗಳಲ್ಲಿ ಮುಖ್ಯವಾಗಿ ನಾಲ್ಕು ಗುಂಪು.

ಶಿಲೀಂಧ್ರ: ಬೂಷ್ಟಿನ ಜಾತಿ. ನೂಲಿನಂತೆ ಬೆಳೆದು, ಬೀಜಕಣಗಳಿಂದ ಹರಡುತ್ತದೆ. ಕಣಗಳು ಗಾಳಿ, ಮಳೆಹನಿ, ಮಣ್ಣಿನಲ್ಲಿ ಸಾಗುತ್ತವೆ. ಶಿಲೀಂಧ್ರದ ಸೊರಗು ರೋಗವಾದರೆ ಕೆಳಗಿನ ಎಲೆ ಮೊದಲು ಹಳದಿಯಾಗಿ, ಗಿಡ ನಿಧಾನಕ್ಕೆ ಬಾಡುತ್ತದೆ.

ದುಂಡಾಣು (ಬ್ಯಾಕ್ಟೀರಿಯಾ): ಒಂದೇ ಕೋಶದ ಜೀವಿ. ಒಂದು ಮಿಲಿಮೀಟರ್ ಉದ್ದಕ್ಕೆ ಸುಮಾರು 500 ಸಾಲಾಗಿ ಕೂರಬಹುದು. ಬೇರಿನ ಗಾಯದಿಂದ ಒಳಗೆ ಹೋಗಿ ನೀರಿನ ನಾಳವನ್ನೇ ಕಟ್ಟಿಬಿಡುತ್ತದೆ. ಅದಕ್ಕೇ ಎಲೆ ಹಸಿರಾಗಿರುವಾಗಲೇ ಗಿಡ ಜೋತುಬೀಳೋದು.

ವೈರಸ್ (ನಂಜಾಣು): ಇದಕ್ಕೆ ಕೋಶವೇ ಇಲ್ಲ. ಗಿಡದ ಕೋಶದೊಳಗೆ ಮಾತ್ರ ಹೆಚ್ಚುತ್ತದೆ. ಟೊಮೆಟೊ ಎಲೆ ಮುಟುರು ರೋಗದ ವೈರಸ್ಸನ್ನು ಬಿಳಿನೊಣ ಹೊತ್ತು ತರುತ್ತದೆ. ಬಂದ ಮೇಲೆ ವಾಸಿ ಮಾಡುವ ಔಷಧಿ ಇಲ್ಲ.

ಜಂತುಹುಳು (ನೆಮಟೋಡ್): ಕಣ್ಣಿಗೆ ಕಾಣದಷ್ಟು ಸಣ್ಣ ದಾರದಂಥ ಹುಳು. ಬೇರಿನಲ್ಲಿ ಗಂಟು ಕಟ್ಟಿಸುತ್ತದೆ. ಗಿಡ ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುತ್ತದೆ, ಆದರೆ ಬೆಳವಣಿಗೆ ಇರೋದಿಲ್ಲ.

ಎರಡು ನಿಮಿಷದ ಪರೀಕ್ಷೆ

ಈಗಷ್ಟೇ ಬಾಡಿದ ಗಿಡ ಕಿತ್ತು ಮೊದಲು ಬೇರು ನೋಡಿ. ಗಂಟಿದ್ದರೆ ಜಂತುಹುಳು. ಇಲ್ಲದಿದ್ದರೆ ಬುಡದ ಕಾಂಡವನ್ನು ಎರಡು ಇಂಚು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಹಾಲಿನ ಎಳೆಯಂತೆ ಬಿಳಿ ದ್ರವ ಇಳಿದರೆ ಅದು ದುಂಡಾಣು. ಏನೂ ಇಳಿಯದೆ, ಕಾಂಡ ಸೀಳಿದಾಗ ಒಳಗೆ ಕಂದು ಗೆರೆ ಕಂಡರೆ ಶಿಲೀಂಧ್ರದ ಅನುಮಾನ.

ನಾನು ಈಗ ಮಾಡೋದು

ದುಂಡಾಣು ಕಂಡರೆ ಆ ಗಿಡವನ್ನು ಬೇರು ಸಮೇತ ತೆಗೆದು ಸುಡುತ್ತೇನೆ. ಆ ಸಾಲಿನ ನೀರು ಬೇರೆ ಸಾಲಿಗೆ ಹೋಗಲು ಬಿಡೋದಿಲ್ಲ. ಮುಂದಿನ ಬೆಳೆ ರಾಗಿ ಅಥವಾ ಜೋಳ. ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡವೇ ಬೇಡ, ಅವಕ್ಕೂ ಅದೇ ರೋಗ ಬರುತ್ತದೆ. ಶಿಲೀಂಧ್ರಕ್ಕೆ ನಾಟಿಗೆ ಮುಂಚೆಯೇ ಟ್ರೈಕೋಡರ್ಮಾ ಬೆರೆಸಿದ ಕೊಟ್ಟಿಗೆ ಗೊಬ್ಬರ. ಜಂತುಹುಳುವಿಗೆ ಬೇವಿನ ಹಿಂಡಿ, ನಡುವೆ ಒಂದು ಬೆಳೆ ಚೆಂಡು ಹೂ. ವೈರಸ್ ತಡೆಯಲು ಸಸಿಮಡಿಗೆ ನೈಲಾನ್ ಬಲೆ, ತೋಟದಲ್ಲಿ ಹಳದಿ ಅಂಟು ಬಲೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಎಲೆ ಮುಟುರು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆಯುವ ಶಕ್ತಿ ಇದೆ.

ಮುಂದಿನ ಸಲ ಫೋಟೋ ಕಳಿಸುವಾಗ ಎಲೆ, ಬೇರು, ಲೋಟ ಮೂರನ್ನೂ ಕಳಿಸಿ. ಒಂದು ಗಿಡ ಕಿತ್ತರೆ ನಷ್ಟವಿಲ್ಲ. ಕೀಳದೆ ಔಷಧಿ ಹೊಡೆದು ನಾನು ಕಳಕೊಂಡಿದ್ದು ಅರ್ಧ ತೋಟ.